ಸೀಸೆಯ ಕಪ್ಪು

"ಆ ಸೀಸೆಯ ಕಪ್ಪು ಬಣ್ಣಾನ ಮಾತ್ರ ಮುಟ್ಟಬೇಡಮ್ಮ," ಎಂದ ಚೌಕಟ್ಟಿನ ಅಜ್ಜ. ಕೆಳಗಿನ ಅಂಗಡಿಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವವನು. ಮೇಲಿನ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಚಿತ್ರಗಾರ್ತಿಯ ಕ್ಯಾನ್ವಾಸುಗಳನ್ನು ಯಾರೂ ಕೇಳದೆಯೇ ಹೊತ್ತು ಮೆಟ್ಟಿಲು ಹತ್ತಿದ್ದ. ಏದುಸಿರು ಇನ್ನೂ ನಿಂತಿರಲಿಲ್ಲ. "ಮೊದಲಿದ್ದ ಚಿತ್ರಗಾರ ಹಾಡೋ ಕಾಡುಹಕ್ಕೀನ ಕೊಂದು, ಸುಟ್ಟು, ಆ ಕರೀನ ಎಣ್ಣೇಲಿ ಅರೆದು ಮಾಟ ಮಾಡಿದ. ಅದರಲ್ಲಿ ಬರೆದ ಹಕ್ಕಿ ಮನೇಲಿರೋರ ದನಿ ಕುಡಿಯುತ್ತೆ. ಎಷ್ಟು ಸಲ ಎಸೆದ್ರೂ ಸೀಸೆ ಅಲ್ಲೇ ಬಂದು ಕೂರುತ್ತೆ."

"ಒಳ್ಳೇದೇ ಆಯ್ತಲ್ಲಜ್ಜ! ನಮ್ಮ ಗಿಲಕಿ ಬಾಯಿಗೂ ಸ್ವಲ್ಪ ರಜ ಸಿಗ್ಲಿ," ಎಂದು ಚಿತ್ರಗಾರ್ತಿ ನಕ್ಕಳು. ಗಿಲಕಿ ಅವಳ ಆರು ವರ್ಷದ ಮಗಳು. ಬಾಯಿಗೆ ಬೀಗವಿಲ್ಲದ ಹುಡುಗಿ.

ಅಜ್ಜ ನಗಲಿಲ್ಲ. ಮಗು ಕೆಮ್ಮುವುದನ್ನು ಕೇಳಿ, ಅವನ ಮಾತು ಬಾರದ ಹೆಂಡತಿ ಒಂದು ಚೊಂಬು ಬಿಸಿನೀರು ತಂದಿಟ್ಟು ಹೋದಳು.

ಕಿಟಕಿಯೆದುರಿನ ಮರಕ್ಕೆ ಬರುತ್ತಿದ್ದ ಕಾಡುಹಕ್ಕಿಯನ್ನು ಚಿತ್ರಗಾರ್ತಿ ಬರೆಯತೊಡಗಿದಳು. ಟ್ಯೂಬಿನ ಕಪ್ಪು ಸಪ್ಪೆಯಾಗಿ ಕಂಡಿತು. ಸೀಸೆಯ ಮುಚ್ಚಳ ತೆಗೆದಳು. ಸುಟ್ಟ ಗರಿಯ ಕಮಟು ಕೋಣೆಯನ್ನೆಲ್ಲ ತುಂಬಿತು. ಬಣ್ಣ ಮಾತ್ರ ಹಾಳುಬಾವಿಯಂತೆ ಆಳವಾಗಿತ್ತು.

ಮೊದಲ ದಿನ ರೆಕ್ಕೆ ಮೂಡಿತು. ಸಂಜೆಗೆ ಮಗಳ ಕೆಮ್ಮು ನಿಂತಿತು. "ನೋಡಿದ್ಯಾ, ಅಜ್ಜನ ಮಾಟ ಔಷಧಿ ಆಯ್ತು!" ಎಂದು ತಾಯಿ ಮುದ್ದಿಸಿದಳು. ಎರಡನೆಯ ದಿನ ಎದೆ ಬರೆದಳು. ಕುಂಚ ತೊಳೆಯುತ್ತ ಮಗಳು ನಕ್ಕಳು. ಹಲ್ಲು ಕಂಡಿತು, ಸದ್ದು ಬರಲಿಲ್ಲ. ಏನೋ ಹೊಸ ಆಟವೆಂದು ತಾಯಿ ಅಂದುಕೊಂಡಳು. ಮೂರನೆಯ ದಿನ ನಡುಮಧ್ಯಾಹ್ನ, ತೆರೆದ ಕೊಕ್ಕಿನ ಕೆಳಗೆ ಉಬ್ಬಿದ ಕೊರಳಿಗೆ ಕೊನೆಯ ಗೀರು ಎಳೆದಳು.

ಬೆನ್ನ ಹಿಂದೆ ಗಾಜಿನ ಲೋಟ ಒಡೆಯಿತು.

ಚೂರು ಮಗಳ ಪಾದ ಸೀಳಿತ್ತು. ರಕ್ತ ಹರಿಯುತ್ತಿತ್ತು. ಮಗುವಿನ ಬಾಯಿ ಅಗಲವಾಗಿ ತೆರೆದಿತ್ತು. ಅಳು ಅಲ್ಲಿಂದ ಬರಲಿಲ್ಲ.

ಚಿತ್ರದಿಂದ ಬಂತು.

"ಅಮ್ಮಾ... ನೋವೂ..."

ಬರೆದದ್ದು ತಪ್ಪಾದರೆ ಹಸಿಯಿರುವಾಗಲೇ ಒರೆಸಬೇಕು. ಇಪ್ಪತ್ತು ವರ್ಷಗಳಿಂದ ಕೈಗೆ ಅಂಟಿದ ಪಾಠ ಅದು. ಕೈ ಯೋಚಿಸಲಿಲ್ಲ. ಬಟ್ಟೆ. ಬಣ್ಣ ಕರಗಿಸುವ ಟರ್ಪಂಟೈನ್. ಉಜ್ಜಿದಳು. "ಅಮ್ಮಾ!" ಇನ್ನೂ ಉಜ್ಜಿದಳು. ಕೊಕ್ಕು ಹೋಯಿತು. ಕೊರಳು ಹೋಯಿತು. ಕೂಗು ನಿಂತಿತು.

ಲೋಟ ಒಡೆದ ಸದ್ದಿಗೆ ಓಡಿ ಬಂದ ಅಜ್ಜ, ಹೆಗಲ ಮೇಲಿನ ಟವೆಲು ಹರಿದು ಮಗುವಿನ ಪಾದ ಕಟ್ಟಿದ. ಆಮೇಲೆ ತಲೆಯೆತ್ತಿದ.

"ಒರೆಸಿಬಿಟ್ಯಾ, ತಾಯೀ?"

"ಇನ್ನು ಮಾತಾಡ್ತಾಳೆ ಅಲ್ವಾ, ಅಜ್ಜ?"

"ದನಿ ಇದ್ದಿದ್ದೇ ಆ ಬಣ್ಣದಲ್ಲಿ." ಅವನು ಕೆಳಗಿನ ಮನೆಯತ್ತ ನೋಡಿದ. "ಆ ಚಿತ್ರಗಾರ ಬರೆದ ಹಕ್ಕೀಲಿದ್ದ ನನ್ನವಳ ದನೀನ ನಾನೂ ಹಿಂಗೇ ಒರೆಸಿದ್ದು. ಕೈಯಾರೆ."

ತಾಯಿ ಮುಷ್ಟಿಯಲ್ಲಿದ್ದ ಒದ್ದೆ ಬಟ್ಟೆಯನ್ನು ಕಿವಿಗೊತ್ತಿಕೊಂಡಳು. ಕಪ್ಪು ಕಲೆಯೊಳಗಿಂದ, ಎಷ್ಟೋ ದೂರದಿಂದೆಂಬಂತೆ, "ಅಮ್ಮ" ಎಂಬುದು, ಬಟ್ಟೆ ಆರಿದಂತೆ ಸಣ್ಣದಾಗುತ್ತ, ಇನ್ನೂ ಕೇಳುತ್ತಿತ್ತು. ಮಗಳು ಕುಂಟುತ್ತ ಬಂದು, ಅಳುವ ತಾಯಿಯ ಕೆನ್ನೆಯನ್ನು ಪುಟ್ಟ ಅಂಗೈಯಿಂದ ಸವರಿದಳು.

ಟರ್ಪಂಟೈನ್ ಬೇಗ ಆರುತ್ತದೆ.