ಅಣ್ಣನ ಗಾಡಿಯ ಪೆಟ್ಟಿಗೆ

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಸರ್ವಿಸ್ ಸೆಂಟರಿನ ಮ್ಯಾನೇಜರ್ ಕೂರುವ ಮೊದಲೇ ದೂರು ಶುರುಮಾಡಿದ.

"ನಮ್ಮ ಯಾರ್ಡಲ್ಲಿದ್ದ ಪಿಕಪ್ಪಿಂದ ಎಂಜಿನ್ನಿನ ಕಂಪ್ಯೂಟರ್ ಪೆಟ್ಟಿಗೆ ಕದ್ದಿದ್ದಾರೆ ಸರ್. ಆ ಜಾಗಕ್ಕೆ ಬೇರೆ ಕೂರಿಸಿದ್ದಾರೆ."

"ಒಂದು ಕದ್ದು ಇನ್ನೊಂದು ಇಟ್ಟುಹೋದ್ನಾ? ಕಳ್ಳ ಮರ್ಯಾದಸ್ಥ ಬಿಡಿ," ಎಂದ ಹೆಡ್ ಕಾನ್‌ಸ್ಟೇಬಲ್.

ಇನ್ಸ್‌ಪೆಕ್ಟರ್ ನಗಲಿಲ್ಲ. ಎಫ್‌ಐಆರ್ ದಾಖಲಿಸಿ, ಯಾರ್ಡಿಗೆ ಹೋಗಿ ಪಂಚನಾಮೆ ನಡೆಸಿದರು. ಬಾನೆಟ್ ಮೇಲೆ ಒಂದು ಗೀರೂ ಇಲ್ಲ. ಬೋಲ್ಟುಗಳು ಹದವಾಗಿ ಬಿಗಿದಿದ್ದವು. ಪಳಗಿದ ಕೈ.

ಪಿಸ್ಟನ್ ಕರಗಿ ಎಂಜಿನ್ ಕೆಟ್ಟಿತ್ತು. ವಾರಂಟಿ ಕೊಡಬೇಕೋ ಬೇಡವೋ ಎಂದು ನೋಡಲು ಮರುದಿನ ಕಂಪನಿಯ ಎಂಜಿನಿಯರ್ ಬರುವವನಿದ್ದ.

"ಪವರ್ ಏರಿಸೋಕೆ ಪೆಟ್ಟಿಗೆಯ ಪ್ರೋಗ್ರಾಂ ಬದಲಾಯಿಸ್ತಾರೆ ಸರ್. ಆಮೇಲೆ ಕಂಪನೀದೇ ವಾಪಸ್ ಹಾಕಿದ್ರೂ, ಎಷ್ಟು ಸಲ ಬರೆದ್ರು ಅನ್ನೋ ಎಣಿಕೆ ಒಳಗೇ ಉಳಿಯುತ್ತೆ. ಅದು ಸೊನ್ನೆ ಇಲ್ದಿದ್ರೆ ವಾರಂಟಿ ಮರೆತುಬಿಡಿ," ಎಂದ ಮ್ಯಾನೇಜರ್.

"ಈಗಿರೋ ಪೆಟ್ಟಿಗೇಲಿ?"

"ಸೊನ್ನೆ. ಆದ್ರೆ ಅದರೊಳಗೆ ಬರೆದಿರೋ ಚಾಸಿ ನಂಬರ್ ಬೇರೆ ಗಾಡೀದು."

"ಹಾಗಾದ್ರೆ ಪೆಟ್ಟಿಗೆ ಇಲ್ದೆ ಸ್ಟಾರ್ಟ್ ಆಗದೆ ನಿಂತಿರೋ ಗಾಡಿ ಹುಡುಕಿದ್ರೆ ಸಾಕು," ಎಂದರು ಇನ್ಸ್‌ಪೆಕ್ಟರ್.

ಯಾರ್ಡಿನ ಕಾವಲುಗಾರ ತಲೆ ಕೆರೆದುಕೊಂಡ. "ನಿನ್ನೆ ರಜಾ. ಈ ಗಾಡಿ ಓನರಮ್ಮನ ಅಣ್ಣ ಮಾತ್ರ ಬಂದಿದ್ರು, ಇದರಲ್ಲಿರೋ ಟಾರ್ಪಾಲು ಬೇಕು ಅಂತ."

ಗಾಡಿಯ ಒಡತಿ ಟೈಲ್ಸ್ ಸಾಗಿಸುವವಳು. ಆ ಪಿಕಪ್ಪೇ ಅವಳ ಮನೆಯ ಅನ್ನ. ಇನ್ಸ್‌ಪೆಕ್ಟರ್ ಅವಳನ್ನು ಟೈಲ್ಸ್ ಅಂಗಡಿಯ ಬಾಗಿಲಲ್ಲೇ ಕೇಳಿದರು:

"ಗಾಡಿ ಯಾರಿಗಾದ್ರೂ ಕೊಟ್ಟಿದ್ರಾ?"

"ಅಣ್ಣನ ಗ್ಯಾರೇಜ್ ಬಿಟ್ರೆ ಯಾರ ಕೈಗೂ ಕೊಟ್ಟಿಲ್ಲ ಸರ್. ಗಾಡಿ ಯಾರೂ ಮುಟ್ಟಿಲ್ಲ ಅಂತ ಕಂಪನಿಗೂ ಹೇಳಿದೀನಿ."

ಮಧ್ಯಾಹ್ನ ಸಾರಿಗೆ ಕಚೇರಿಯಿಂದ ಉತ್ತರ ಬಂತು. ಚಾಸಿ ನಂಬರ್ ಅಣ್ಣನ ಪಿಕಪ್ಪಿನದೇ.

ಗ್ಯಾರೇಜಿನ ಮೂಲೆಯಲ್ಲಿ ಅದು ನಿಂತಿತ್ತು.

"ಸ್ಟಾರ್ಟ್ ಮಾಡಿ," ಎಂದು ಇನ್ಸ್‌ಪೆಕ್ಟರ್ ಅಣ್ಣನಿಗೆ ಹೇಳಿದರು.

"ಬ್ಯಾಟರಿ ವೀಕ್ ಇದೆ ಸರ್."

ಹೆಡ್ ಕಾನ್‌ಸ್ಟೇಬಲ್ ಕಿಟಕಿಯೊಳಗೆ ಕೈ ಹಾಕಿ ಹೆಡ್‌ಲೈಟ್ ಹೊತ್ತಿಸಿದ. ಗೋಡೆಯೆಲ್ಲ ಬೆಳ್ಳಗಾಯಿತು. "ವೀಕ್ ಆಗೇ ಇಷ್ಟಾ? ನಮ್ಮ ಜೀಪಿಗೂ ಇಂಥದ್ದೇ ಒಂದು ಕೊಡಿಸಪ್ಪಾ!"

ಬಾನೆಟ್ ಎತ್ತಿದರೆ ಪೆಟ್ಟಿಗೆಯ ಜಾಗ ಖಾಲಿ. ಅಣ್ಣ ಸೀಟಿನಡಿಯಿಂದ ತಂಗಿಯ ಪೆಟ್ಟಿಗೆ ತೆಗೆದುಕೊಟ್ಟ.

"ಇಷ್ಟು ಗೊತ್ತಿರೋನು ಚಾಸಿ ನಂಬರ್ ಯಾಕೆ ಬದಲಾಯಿಸಲಿಲ್ಲ?"

"ಬದಲಾಯಿಸೋಕೆ ಬರೀಬೇಕು ಸರ್. ಬರೆದ್ರೆ ಎಣಿಕೆ ಒಂದಾಗುತ್ತೆ. ಎಣಿಕೆ ಮಾತ್ರ ನೋಡ್ತಾರೆ ಅನ್ಕೊಂಡೆ."

ಸಂಜೆ ಐದಕ್ಕೆ ಬಂಧನದ ಕಾಗದಕ್ಕೆ ಅವನು ಸಹಿ ಹಾಕುವಾಗ ತಂಗಿ ಠಾಣೆಯೊಳಗೆ ಬಂದಳು. ವಿಷಯವೆಲ್ಲ ಕೇಳಿ ಅಣ್ಣನ ಎದುರು ಬಂದು ನಿಂತಳು.

"ಕಂಡವರ ಗಾಡಿಗೆಲ್ಲ ಪವರ್ ಏರಿಸ್ತೀಯ. ನಿನ್ನ ಗಾಡೀದು ಸೊನ್ನೆ ಯಾಕಣ್ಣ?"

ಅವನು ತಲೆಯೆತ್ತಲಿಲ್ಲ. "ಪವರ್ ಏರಿಸಿ ಹೊರೆ ಹೊತ್ರೆ ಎಂಜಿನ್ ತಡೆಯಲ್ಲ ಅಂತ ಗೊತ್ತಿತ್ತು ಪುಟ್ಟಿ. ಏರು ಹತ್ತುವಾಗ ಹಿಂದಿನವರೆಲ್ಲ ಹಾರ್ನ್ ಹೊಡೀತಾರೆ ಅಂತ ನೀನು ಅಳ್ತಿದ್ದೆ. ಅದಕ್ಕೆ ನಿಂಗೆ ಹೇಳದೇ ನಿನ್ನ ಗಾಡಿಗೂ ಏರಿಸ್ದೆ."

ತಂಗಿಯ ಮುಂದೆ ಇಷ್ಟು ಹೇಳುವುದಕ್ಕಿಂತ ಯಾರ್ಡಿನಲ್ಲಿ ಬೋಲ್ಟು ಬಿಚ್ಚುವುದೇ ಅವನಿಗೆ ಸುಲಭವೆನಿಸಿತ್ತು ಎಂದು ಇನ್ಸ್‌ಪೆಕ್ಟರಿಗೆ ಆಗ ತಿಳಿಯಿತು.

ಅವಳು ಕಣ್ಣೊರೆಸಿಕೊಂಡು ಕುರ್ಚಿ ಎಳೆದು ಕೂತಳು.

"ನನ್ನ ಹೇಳಿಕೆ ಬರ್ಕೊಳ್ಳಿ ಸರ್. ಗಾಡಿ ಮುಟ್ಟಿದ್ದಾರೆ. ವಾರಂಟಿ ಹೋದ್ರೂ ಹೋಗಲಿ, ನಾಳೆ ಆ ಎಂಜಿನಿಯರಿಗೂ ನಾನೇ ಹೇಳ್ತೀನಿ."