ಕುರುಗೋಡಿನ ಸಂಬಂಧ, ಹಚ್ಚೊಳ್ಳಿಯ ಮರಿಗಳು

"ಔಷಧ ಕೊಡ್ರಿ ಅಂತ ಕರೆಸಿದ್ರ, ಇವ್ರು ಬರೀ ಪ್ರಶ್ನಿ ಕೇಳಾಕ ಹತ್ಯಾರಲ್ಲಪ್ಪಾ!"

ಅಕ್ಕನಾಗಮ್ಮ ಅಪ್ಪ ಜಡೆಪ್ಪನ ಕಿವಿಯಲ್ಲಿ ಹೇಳಿದ್ದು ಕುರಿದೊಡ್ಡಿಯ ಆಚೆ ಬದಿಯಲ್ಲಿದ್ದ ಡಾಕ್ಟರಿಗೂ ಕೇಳಿಸಿತು. ಚಿದಾನಂದಪ್ಪ ಬಳ್ಳಾರಿಯವನು. ಮದರಾಸಿನಲ್ಲಿ ಓದಿ, ಆ ೧೯೫೧ರ ಬೇಸಿಗೆಯಲ್ಲಷ್ಟೇ ಸಿರುಗುಪ್ಪದ ದನದ ಆಸ್ಪತ್ರೆಗೆ ಬಂದಿದ್ದ. ಬಿಸಿಲಲ್ಲಿ ಹಚ್ಚೊಳ್ಳಿಯವರೆಗೆ ಸೈಕಲ್ ತುಳಿದು ಮುಖ ಕೆಂಪಾಗಿತ್ತು. ಹಣೆ ಒರೆಸಿಕೊಂಡು ಅವಳತ್ತ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

"ಈ ಮರಿಗಳನ್ನ ಸ್ವಲ್ಪ ಓಡಿಸ್ರಿ, ಅಕ್ಕನಾಗಮ್ಮ."

"ನಿಲ್ಲಾಕ ಬರವಲ್ದು ಅಂತ ಕರೆಸಿದ್ರ ಓಡಿಸು ಅಂತೀರಿ! ಮತ್ತ, ನಾ ನಿಮಗ ಅಕ್ಕ ಅಲ್ಲ. ನಾಗಮ್ಮ ಅನ್ರಿ ಸಾಕು."

ಆದರೂ ಓಡಿಸಿದಳು. ಮರಿಗಳ ಮುಂಗಾಲು ನೆಟ್ಟಗಿದ್ದವು. ಹಿಂಭಾಗ ಮಾತ್ರ ಅತ್ತಿತ್ತ ವಾಲಾಡಿತು, ಸ್ವಲ್ಪ ದೂರ ಹೋಗುವಷ್ಟರಲ್ಲಿ ನಾಯಿಯ ಹಾಗೆ ಕುಳಿತುಬಿಟ್ಟವು. ಜ್ವರವಿಲ್ಲ, ಹಾಲು ಚೆನ್ನಾಗಿ ಕುಡಿಯುತ್ತಿವೆ. ಚಿದಾನಂದಪ್ಪ ತಾಯಿ ಕುರಿಯ ಉಣ್ಣೆ ಬಿಡಿಸಿ ನೋಡಿದ. ಕರಿ ಉಣ್ಣೆ ಬುಡದಲ್ಲಿ ಬೂದಿಬಣ್ಣಕ್ಕೆ ತಿರುಗಿತ್ತು, ಗುಂಗುರು ಹೋಗಿ ಜೋತುಬಿದ್ದಿತ್ತು.

"ಹೌದ್ರಿ, ಬಳ್ಳಾರಿ ಬ್ರೂಸ್‌ಪೇಟಿ ಉಣ್ಣಿ ಸಾಹುಕಾರನೂ ಬಣ್ಣ ಸರಿ ಇಲ್ಲ ಅಂದ," ಎಂದ ಜಡೆಪ್ಪ.

"ಇಲ್ಲಿ ಮೇವಿನಾಗ ತಾಮ್ರದ ಅಂಶ ಕಡಿಮಿ ಐತಿ. ತಾಯಿ ಹೊಟ್ಟಿಯಾಗ ಇದ್ದಾಗ ಅದು ಸಿಗಲಿಲ್ಲ ಅಂದ್ರ ಮರಿಗೆ ಬೆನ್ನಿನ ನರ ಬಲಿಯಂಗಿಲ್ಲ."

"ಹಂಗಾರ ತಾಮ್ರದ ಕೊಡದಾಗ ನೀರು ಕುಡಿಸ್ಲೇನ್ರಿ?" ಎಂದಳು ನಾಗಮ್ಮ.

ಅವನು ನಕ್ಕ. ಕೆನ್ನೆಯಲ್ಲಿ ಗುಳಿ ಬಿತ್ತು. ಈ ಮನುಷ್ಯನಿಗೆ ಅದೊಂದು ಬೇರೆ ಕೇಡು ಎಂದುಕೊಂಡು ಅವಳು ಮುಖ ತಿರುಗಿಸಿದಳು.

ಚೀಲದಿಂದ ಅವನು ನೀಲಿ ಹರಳಿನ ಸೀಸೆ ತೆಗೆದ. ಮೈಲುತುತ್ತ, ತಾಮ್ರದ ಉಪ್ಪು.

"ಅದು ವಿಷ ಅಲ್ಲೇನ್ರಿ?"

"ಕುರಿಗೆ ಒಂಚೂರು ಹೆಚ್ಚಾದ್ರೂ ವಿಷ. ಅದಕ್ಕ ನಾನೇ ಬಂದು ಅಳತಿ ನೋಡಿ ಕುಡಿಸ್ತೀನಿ. ಗಬ್ಬದ ಕುರಿಗೆ, ಇನ್ನೂ ಎದ್ದು ನಿಲ್ಲೋ ಮರಿಗೆ."

"ಬಿದ್ದ ಮರಿಗೆ?"

ಅವನು ಸೀಸೆಯ ಬಿರಡೆ ಮುಚ್ಚಿದ. "ನರ ಕೆಟ್ಟ ಮ್ಯಾಲೆ ತಿರುಗಿ ಬರಂಗಿಲ್ರಿ."

"ಹುಟ್ಟಿದವನ್ನ ಬಿಟ್ಟು ಹುಟ್ಟದವಕ್ಕ ಔಷಧ ಕೊಡೋ ಡಾಕ್ಟ್ರನ್ನ ಇವತ್ತೇ ನೋಡಿದೆ!" ಎಂದು ನಾಗಮ್ಮ ಒಳಗೆ ಹೋದಳು. ಅಳು ಬಂದಿದ್ದು ಅವನಿಗೆ ಕಾಣಬಾರದಿತ್ತು.

ಅಳುವುದಕ್ಕೆ ಮರಿಗಳಷ್ಟೇ ಕಾರಣವಲ್ಲ. ಕುರುಗೋಡಿನ ಮರಿಬಸಪ್ಪನ ಮಗನಿಗೆ ಅವಳನ್ನು ಗೊತ್ತುಮಾಡಿದ್ದರು. ಮಾತಾಗಿ ವಾರದೊಳಗೆ ಮರಿಗಳು ಬೀಳತೊಡಗಿದವು. ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದು ಮರಿಬಸಪ್ಪ ಹಿಂದೆ ಸರಿದ. ಊರಲ್ಲಿ ಅವಳು ಬಾವಿಗೆ ಹೋದರೂ ಹೆಂಗಸರ ಮಾತು ನಿಲ್ಲುತ್ತಿತ್ತು.

ಚಿದಾನಂದಪ್ಪ ಹೇಳಿದಂತೆ ಬರತೊಡಗಿದ. ಅವಳು ಕುರಿಯ ಬಾಯಿ ಬಿಡಿಸಿ ಹಿಡಿಯಬೇಕು, ಅವನು ತಿಳಿನೀಲಿ ನೀರು ಹೊಯ್ಯಬೇಕು. ತಲೆಗೆ ತಲೆ ತಾಗುವಷ್ಟು ಹತ್ತಿರ.

"ಬಿಗಿಯಾಗಿ ಹಿಡೀರಿ."

"ಹಿಡದೀನಿ. ನೀವು ಕುರಿ ನೋಡ್ರಿ."

"ಕುರಿನೇ ನೋಡಾಕ ಹತ್ತೀನಲ್ರಿ?"

"ಹಂಗಾರ ಔಷಧ ನನ್ನ ಕೈ ಮ್ಯಾಲೆ ಯಾಕ ಬೀಳ್ತೈತಿ?"

ಅವನ ಕಿವಿ ಕೆಂಪಾಯಿತು. ಅವನು ಬರುವ ದಿನ ಬೆಳಿಗ್ಗೆಯೇ ತಾನು ಜಡೆ ಹೆಣೆದುಕೊಳ್ಳುವುದೇಕೆಂದು ನಾಗಮ್ಮನಿಗೆ ತನ್ನ ಮೇಲೇ ಸಿಟ್ಟು. ಬಂದವನು ಜಡೆ ನೋಡದೆ ಉಣ್ಣೆಯ ಗುಂಗುರು ನೋಡಿ ಸಂತೋಷಪಟ್ಟರೆ ಅವನ ಮೇಲೆ ಸಿಟ್ಟು.

ಬಿದ್ದ ಮರಿಗಳು ಉಳಿಯಲಿಲ್ಲ. ವಾಲಾಡುತ್ತಿದ್ದವುಗಳಲ್ಲಿ ಕೆಲವು ಗಟ್ಟಿಯಾದವು. ಮಳೆಗಾಲದಲ್ಲಿ ಗಬ್ಬದ ಕುರಿಗಳು ಈದವು. ಮೊದಲ ಮರಿ ಒದ್ದೆ ಮೈಯಲ್ಲೇ ತಡವರಿಸಿ ಎದ್ದು, ಹಿಂಗಾಲು ನೆಟ್ಟಗೆ ಊರಿ ಮೊಲೆ ಹುಡುಕಿತು. ನಾಗಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಚಿದಾನಂದಪ್ಪ ಮರಿಯನ್ನು ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ.

"ಹೊಕ್ಕಳಿಗೆ ಅಯೋಡಿನ್ ಹಚ್ಚಬೇಕ್ರಿ," ಎಂದ.

ಅವಳಿಗೆ ಆ ಅಯೋಡಿನ್ ಸೀಸೆಯನ್ನು ಅವನ ತಲೆಯ ಮೇಲೆ ಸುರಿಯಬೇಕೆನ್ನಿಸಿತು.

ಮುಂದಿನ ವಾರ ಅವನು ಹಿಗ್ಗುತ್ತ ಬಂದ. "ನಾಗಮ್ಮಾರ, ಕುರುಗೋಡಿಗೆ ಹೋಗಿದ್ದೆ. ಮರಿಬಸಪ್ಪನವರಿಗೆ ಎಲ್ಲಾ ತಿಳಿಸಿ ಹೇಳಿದೆ. ಇದು ಮೇವಿನ ದೋಷ, ಹುಡುಗಿದಲ್ಲ ಅಂತ. ಮರಿ ಎದ್ದು ನಿಂತಾವ ಅಂತ. ಒಪ್ಪಿದ್ರು. ಬರೋ ಸೋಮವಾರ ಮಾತಾಡಾಕ ಬರ್ತಾರ!"

ನಾಗಮ್ಮನ ಕೈಯಲ್ಲಿದ್ದ ಬುಟ್ಟಿ ಕೆಳಗೆ ಬಿತ್ತು.

"ನಿಮಗ ಯಾರು ಹೇಳಿದ್ರು ಹೋಗಾಕ?"

"ನಿಮ್ಮ ಮ್ಯಾಲೆ ಸುಳ್ಳು ಅಪವಾದ ಐತಿ ಅಂತ ಊರಾಗ ಕೇಳಿದ್ದೆ..."

"ಅಪವಾದ ತೆಗೀರಿ. ಅದರ ಜೋಡಿ ನನ್ನನ್ನೂ ಕಟ್ಟಿ ಕಳಿಸ್ತೀರೇನು? ಮರಿ ವಾಲಿದ್ರ ಕಾಣ್ತೈತಿ, ಉಣ್ಣಿ ಬಣ್ಣ ಬಿಟ್ರ ಕಾಣ್ತೈತಿ. ಇಷ್ಟು ದಿನ ಎದುರಿಗೆ ಕುಂತು ಕುರಿ ಬಾಯಿ ಹಿಡದೀನಿ, ನಾ ಮಾತ್ರ ಕಾಣಲಿಲ್ಲೇನ್ರಿ ನಿಮಗ?"

ಚಿದಾನಂದಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. "ಕಂಡೀರಿ," ಎಂದ ಬಹಳ ಮೆಲ್ಲಗೆ. "ಮೊದಲ ದಿನಾನೇ. ನಿಮಗ ಆ ಸಂಬಂಧ ತಪ್ಪಿದ್ದಕ್ಕ ದುಃಖ ಐತಿ ಅಂದ್ಕೊಂಡೆ. ನನ್ನ ಆಸೆಗಾಗಿ ಅದನ್ನ ಮುರದಂಗ ಬಿಡ್ಲೇನ್ರಿ?"

"ಅಷ್ಟು ಓದಿ ಇಷ್ಟು ತಿಳಿಯಲಿಲ್ಲಲ್ರಿ!" ಅವಳು ಬಿದ್ದ ಬುಟ್ಟಿ ಎತ್ತಿಕೊಂಡಳು. "ಈಗ ಹೋಗ್ರಿ. ನೀವು ಕಟ್ಟಿದ್ದನ್ನ ನೀವೇ ಬಿಚ್ಚಿ ಬರ್ರಿ."

ಅವನು ಸೈಕಲ್ ತಿರುಗಿಸಿ, ಸಿರುಗುಪ್ಪದಿಂದ ಬಸ್ಸು ಹಿಡಿದು ಹೋದ.

ಮರುದಿನ ಸಂಜೆ ಅಂಗಳಕ್ಕೆ ಬಂದಾಗ ಅಂಗಿಯೆಲ್ಲ ಧೂಳು, ಮುಖ ಬಾಡಿತ್ತು. ಜಡೆಪ್ಪ ಕಟ್ಟೆಯ ಮೇಲೆ ಕೂತಿದ್ದ. ನಾಗಮ್ಮ ಬಾಗಿಲ ಹಿಂದೆ ನಿಂತಳು.

"ಗೌಡ್ರ, ಮರಿಬಸಪ್ಪನವರಿಗೆ ಬರಬ್ಯಾಡ್ರಿ ಅಂತ ಹೇಳಿ ಬಂದೀನಿ. ಮನಿ ಮಂದಿ ಎಲ್ಲಾ ಕೂಡಿ ಬೈದ್ರು. ಬೈಸ್ಕೊಂಡೆ. ನಿಮ್ಮ ಮಗಳನ್ನ ನಾ ಕೇಳಾಕ ಬಂದೀನ್ರಿ."

ಜಡೆಪ್ಪ ಅವನನ್ನು ನೋಡಿದ, ಬಾಗಿಲತ್ತ ನೋಡಿದ. "ನಾಗಿ, ನೀ ಏನಂತೀ?"

"ಕೈಕಾಲಿಗೆ ನೀರು ಕೊಡ್ಲೇನಪ್ಪಾ ಅವ್ರಿಗೆ?" ಎಂಬ ದನಿ ಒಳಗಿನಿಂದ ಬಂತು.

ಜಡೆಪ್ಪ ದೊಡ್ಡದೊಂದು ಉಸಿರು ಬಿಟ್ಟ.

"ಬಳ್ಳಾರಿಯಿಂದ ನಿಮ್ಮ ಹಿರಿಯಾರನ್ನ ಕಳಸ್ರಿ ಡಾಕ್ಟ್ರ. ನೀವು ಮಾತ್ರ ಬಾಯಿ ತೆಗೀಬ್ಯಾಡ್ರಿ. ನೀವು ಮಾತಾಡಿದ್ರ ಅಕಿನ್ನ ಇನ್ಯಾರಿಗೋ ಗೊತ್ತುಮಾಡಿ ಬರ್ತೀರಿ."

ಬಾಗಿಲ ಹಿಂದೆ ನಾಗಮ್ಮ ಗಟ್ಟಿಯಾಗಿ ನಕ್ಕಳು.