ಅಜ್ಜನ ಮಂಚದ ವಾಟ

ರಸಮಟ್ಟದ ಗಾಜಿನೊಳಗಿನ ಗುಳ್ಳೆ ಸರ್ರನೆ ಓಡಿ ಮೇಲಿನ ತುದಿಯಲ್ಲಿ ಕೂತುಬಿಟ್ಟಿತು.

ಮರಿಮೇಸ್ತ್ರಿ ಮಂಚದ ತಲೆಭಾಗದ ಪಕ್ಕದ ಕಂಬಿಯ ಮೇಲೆ ರಸಮಟ್ಟವನ್ನು ಇನ್ನೊಮ್ಮೆ ಇಟ್ಟು ನೋಡಿದಳು. ಊಹೂಂ. ಅಜ್ಜನ ಮಂಚ ಮಟ್ಟವಾಗಿರಲೇ ಇಲ್ಲ. ತಲೆಯ ಕಡೆ ಎತ್ತರ, ಕಾಲಿನ ಕಡೆ ತಗ್ಗು.

ಅಜ್ಜ ಗಾರೆ ಮೇಸ್ತ್ರಿ. ಮನೆಯಲ್ಲಿ ಕ್ಯಾಲೆಂಡರ್ ಸೊಟ್ಟಗಿದ್ದರೂ ಅವರಿಗೆ ಊಟ ಸೇರುತ್ತಿರಲಿಲ್ಲ. ರಜೆಯಲ್ಲಿ ಮೊಮ್ಮಗಳನ್ನೂ ಕೆಲಸಕ್ಕೆ ಕರೆದೊಯ್ದು, ಗೋಡೆಯ ಮೇಲೆ ರಸಮಟ್ಟ ಇಡಿಸಿ, ಗುಳ್ಳೆ ನಡುವೆ ನಿಂತಿದೆಯಾ ಎಂದು ಕೇಳುತ್ತಿದ್ದರು. ಮರಿಮೇಸ್ತ್ರಿ ಎಂದು ಹೆಸರಿಟ್ಟದ್ದೂ ಅವರೇ.

ಈಗ ಅವರು ಐಸಿಯುನಲ್ಲಿ ಕಣ್ಣು ಮುಚ್ಚಿ ಮಲಗಿದ್ದರು. ಬಾಯಲ್ಲಿ ಪೈಪು. ಪೈಪಿನ ಆಚೆ ತುದಿಗೆ ವೆಂಟಿಲೇಟರ್, ಉಸಿರಾಡಿಸುವ ಮಿಷನ್. ಹೊಸ ಸೋಂಕೇನೂ ತಗಲದಿದ್ದರೆ ಬೇಗ ಪೈಪು ತೆಗೆಯಬಹುದು ಎಂದು ಡಾಕ್ಟರ್ ಬಾಗಿಲ ಬಳಿ ಅಮ್ಮನಿಗೆ ಹೇಳುತ್ತಿದ್ದರು.

ಇಷ್ಟು ಸೊಟ್ಟ ಮಂಚದಲ್ಲಿ ಅಜ್ಜನಿಗೆ ನಿದ್ದೆ ಹೇಗೆ ಬರಬೇಕು? ಪಕ್ಕದಲ್ಲಿ ಕೆಳಮುಖ ಬಾಣದ ಬಟನ್ ಇತ್ತು. ಒತ್ತಿದಳು. ಮಂಚದ ತಲೆಭಾಗ ಗುಂಯ್ ಎನ್ನುತ್ತಾ ಇಳಿಯಿತು. ಗುಳ್ಳೆ ಮೆಲ್ಲಗೆ ನಡುವೆ ಬಂದು ನಿಂತಿತು.

ಅಷ್ಟರಲ್ಲಿ ಸಿಸ್ಟರ್ ಬಂದರು. ತಲೆಭಾಗವನ್ನು ಮತ್ತೆ ಎತ್ತಿದರು. ಅಜ್ಜನ ಬಾಯಲ್ಲಿ ನಿಂತಿದ್ದ ಜೊಲ್ಲನ್ನು ಸಣ್ಣ ಪೈಪಿನಿಂದ ಎಳೆದು ತೆಗೆದರು. ಆಮೇಲೆ ತಿರುಗಿದರು.

"ಯಾರು ಇಳಿಸಿದ್ದು?"

"ನಾನೇ ಸಿಸ್ಟರ್. ಮಟ್ಟ ಇರ್ಲಿಲ್ಲ."

ಸಿಸ್ಟರ್ ಬೈಯಲಿಲ್ಲ. ಅದೇ ಅವಳಿಗೆ ಇನ್ನೂ ಕಷ್ಟವಾಯಿತು. ಅಜ್ಜನಿಗೆ ಈಗ ಸರಿಯಾಗಿ ನುಂಗಲು, ಕೆಮ್ಮಲು ಆಗುವುದಿಲ್ಲ, ಚಪ್ಪಟೆ ಮಲಗಿಸಿದರೆ ಹೊಟ್ಟೆಯದು, ಬಾಯಿಯದು ಎಲ್ಲ ಪೈಪಿನ ಪಕ್ಕದಿಂದ ಜಾರಿ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗಬಹುದು, ಅದಕ್ಕೇ ತಲೆ ಎತ್ತರ, ಅದಕ್ಕೇ ಬಾಯಿ ಕ್ಲೀನ್ ಮಾಡ್ತಾ ಇರೋದು ಎಂದರು.

ಅವಳು ಬಗ್ಗಿ ಅಜ್ಜನ ಎದೆಯ ಏರಿಳಿತ ನೋಡಿದಳು. "ಈಗ ಏನಾದ್ರೂ ಆಗ್ಬಿಡ್ತಾ?"

"ಸ್ವಲ್ಪ ಹೊತ್ತು ತಾನೇ? ನಾವು ನೋಡ್ತಾ ಇರ್ತೀವಿ."

ಅವಳು ಎತ್ತರದ ದಿಂಬನ್ನೇ ನೋಡುತ್ತಾ ನಿಂತಳು. ಒಮ್ಮೆ ಅಜ್ಜ ಹಾಕಿದ್ದ ಬಚ್ಚಲಿನ ನೆಲದಲ್ಲಿ ಗುಳ್ಳೆ ನಡುವೆ ನಿಲ್ಲದಿದ್ದಾಗ ಅವಳು ಅಜ್ಜನನ್ನೇ ಆಡಿಕೊಂಡಿದ್ದಳು. ಅಜ್ಜ ನಕ್ಕಿದ್ದರು. ಬಚ್ಚಲು ಮಟ್ಟ ಮಾಡಿದ್ರೆ ನೀರು ಅಲ್ಲೇ ನಿಂತು ನಾರುತ್ತೆ ಕಣೇ, ಹರಿಯೋ ಕಡೆ ತಗ್ಗು ಬಿಡ್ಬೇಕು, ಅದಕ್ಕೆ ವಾಟ ಅಂತಾರೆ ಎಂದಿದ್ದರು.

"ವಾಟ," ಎಂದಳು ತನ್ನಷ್ಟಕ್ಕೇ.

ಸಿಸ್ಟರ್ ಕಣ್ಣು ಅವಳ ಕೈಗೆ ಹೋಯಿತು. ರಸಮಟ್ಟಕ್ಕೆ ಹಳೇ ಸಿಮೆಂಟ್ ಮೆತ್ತಿತ್ತು. "ನೀನೇನೋ ಕೈ ತೊಳ್ಕೊಂಡು ಒಳಗೆ ಬಂದೆ. ಈ ಮಹರಾಯನಿಗೆ ಸ್ನಾನ ಮಾಡಿಸಿದ್ಯಾ?"

ಮರಿಮೇಸ್ತ್ರಿ ನಾಲಗೆ ಕಚ್ಚಿಕೊಂಡು ಹೊರಗೆ ಓಡಿದಳು. ಮತ್ತೆ ಅದನ್ನು ಒಳಗೆ ತರಲಿಲ್ಲ. ಬಂದಾಗಲೆಲ್ಲ ಕೈ ತೊಳೆದು, ಮೊದಲು ಮಂಚದ ಎತ್ತರ ನೋಡುತ್ತಿದ್ದಳು.

ಪೈಪು ತೆಗೆದ ಮರುದಿನ ಅಜ್ಜ ಅವಳನ್ನು ನೋಡಿ ಕಣ್ಣರಳಿಸಿದರು. ಆಮೇಲೆ ಮಂಚದ ಕಂಬಿಯ ಮೇಲೆ ಬೆರಳಾಡಿಸಿದರು. ದನಿ ಮರಳು ಜರಡಿ ಹಿಡಿದಂತೆ ಒರಟಾಗಿತ್ತು.

"ಮಂಚ... ಸೊಟ್ಟ."

"ಸೊಟ್ಟ ಅಲ್ಲ ಅಜ್ಜ. ವಾಟ."

ಅಜ್ಜ ಒಂದು ಗಳಿಗೆ ಯೋಚಿಸಿದರು. ಸರಿ ಎಂಬಂತೆ ತಲೆಯಾಡಿಸಿ, ದಿಂಬಿಗೆ ಒರಗಿ ಕಣ್ಣು ಮುಚ್ಚಿದರು. ಮರಿಮೇಸ್ತ್ರಿ ಆ ಕೆಳಮುಖ ಬಾಣದ ಬಟನ್ನಿಗೆ ಅಡ್ಡವಾಗಿ, ಅಲ್ಲೇ ನಿಂತುಕೊಂಡಳು.